ಹಿಟ್ಟಿನ ಮಿಲ್ಲಿನಲ್ಲಿ ಓದಿದ ಎಂ.ಎ.

ನಿವೃತ್ತಿಯಾಗಿ ಹಾಸನದ ಮನೆಯಲ್ಲಿ ನೆಲೆಸಿದ ಮೇಲೆ ಒಂದು ದಿನ ಪಕ್ಕದ ಮನೆಯ ಸೊಸೆ ಬಂದು ಕೂತಳು. ಕಂಪ್ಯೂಟರಿನಲ್ಲೇ ಪಾಠ, ಕಂಪ್ಯೂಟರಿನಲ್ಲೇ ಪರೀಕ್ಷೆ ಎನ್ನುವ ಆನ್‌ಲೈನ್ ಎಂ.ಕಾಂ.ಗೆ ಆಗತಾನೆ ಸೇರಿದ್ದಳು. “ಆಂಟಿ, ನೀವು ಎಷ್ಟೋ ಜನರನ್ನ ಕೆಲಸಕ್ಕೆ ತಗೊಂಡೋರು. ಕೆಲಸ ಕೊಡೋರು ಇದನ್ನ ನಂಬ್ತಾರಾ?” ಎಂದು ಕೇಳಿದಳು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು; ಪ್ರಶ್ನೆ ಮಾತ್ರ ಹಳೆಯದೇ. ನಂಬದವರ ಪೈಕಿ ನಾನೇ ಮೊದಲಿಗಳು ಎಂದು ಹೇಳಿ, ತೊಂಬತ್ತರ ದಶಕದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ.

ಆಗ ನಾನು ಹೊಳೆನರಸೀಪುರದ ಒಂದು ಖಾಸಗಿ ಜೂನಿಯರ್ ಕಾಲೇಜಿನ ಪ್ರಾಂಶುಪಾಲೆ. ನಾಲ್ಕೂವರೆಗೆ ಎದ್ದು, ಐದಕ್ಕೆ ತಂದೆಗೆ ಪಾಠ ಒಪ್ಪಿಸಿ, ಆರಕ್ಕೆ ಹಿತ್ತಿಲಿನ ಗಿಡಗಳಿಗೆ ನೀರು ಹಾಕಿ ಬೆಳೆದವಳು. ಡಿಗ್ರಿಯೆಂದರೆ ನನ್ನ ಪಾಲಿಗೆ ಬೆಂಚು, ಬೆಲ್ಲು, ಹಾಜರಿ. ಅಂಚೆಯಲ್ಲಿ ಪಾಠ ತರಿಸಿಕೊಂಡು ಮನೆಯಲ್ಲಿ ಕಾಲು ಚಾಚಿ ಓದುವ ಕರೆಸ್ಪಾಂಡೆನ್ಸ್ ಡಿಗ್ರಿ ನನ್ನ ಲೆಕ್ಕದಲ್ಲಿ ಡಿಗ್ರಿಯೇ ಅಲ್ಲ. ಅರ್ಜಿ ವಿಂಗಡಿಸುವಾಗ ಅಂಥವನ್ನು ಕಟ್ಟಿನ ಅಡಿಗೆ ಸರಿಸುತ್ತಿದ್ದೆ. ಪೂರ್ತಿ ಓದುತ್ತಲೂ ಇರಲಿಲ್ಲ.

ಆ ವರ್ಷ ನಮ್ಮ ಇತಿಹಾಸದ ಉಪನ್ಯಾಸಕರು ಸರ್ಕಾರಿ ಕೆಲಸ ಸಿಕ್ಕಿ ಮಧ್ಯದಲ್ಲೇ ಹೊರಟುಹೋದರು. ಅರ್ಜಿ ಬಂದದ್ದೇ ಎರಡು, ಹಾಗಾಗಿ ಅಡಿಗೆ ಸರಿಸಲು ಕಟ್ಟೇ ಇರಲಿಲ್ಲ. ಒಬ್ಬ ಚನ್ನರಾಯಪಟ್ಟಣದ ಹುಡುಗ, ರೆಗ್ಯುಲರ್ ಕಾಲೇಜಿನಲ್ಲಿ ಓದಿದವನು. ಇನ್ನೊಬ್ಬರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದವರು. ಬಿ.ಎ., ಎಂ.ಎ. ಎರಡೂ ಅಂಚೆಯಲ್ಲಿ.

ಸಂದರ್ಶನಕ್ಕೆ ಕೂತವರು ನಾನು ಮತ್ತು ಕಾಲೇಜಿನ ಕಾರ್ಯದರ್ಶಿಗಳು. ಅವರು ತೆಂಗಿನಕಾಯಿ ವ್ಯಾಪಾರಸ್ಥರು, ದೊಡ್ಡ ಗಂಟಲು, ಒಳ್ಳೆಯ ಮನಸ್ಸು. ಹುಡುಗ ಚೆನ್ನಾಗಿಯೇ ಉತ್ತರಿಸಿ ಹೋದ. ಆಮೇಲೆ ಮಿಲ್ಲಿನವರು ಬಂದರು. ಮೂವತ್ತನಾಲ್ಕು ವಯಸ್ಸು, ಎಷ್ಟು ತೊಳೆದರೂ ಹೋಗದ ಹಿಟ್ಟು ಕಿವಿಯ ಹಿಂದೆ ಬೆಳ್ಳಗೆ ಕೂತಿತ್ತು. ಇದು ಅವರ ನಾಲ್ಕನೆಯ ಸಂದರ್ಶನ. ಹಿಂದಿನ ಮೂರರಲ್ಲೂ ಸರ್ಟಿಫಿಕೇಟಿನ ಮೇಲೆ ‘ಕರೆಸ್ಪಾಂಡೆನ್ಸ್’ ಎಂಬ ಒಂದೇ ಪದ ನೋಡಿ ಫೈಲು ಮುಚ್ಚಿದ್ದರಂತೆ. “ಈ ಸಲಾನೂ ಆಗದಿದ್ರೆ ಇನ್ನೆಲ್ಲೂ ಅರ್ಜಿ ಹಾಕೋದಿಲ್ಲ ಮೇಡಂ. ಮಿಲ್ಲೇ ಗತಿ ಅಂದ್ಕೊಂಡುಬಿಡ್ತೀನಿ” ಎಂದರು. ಬೇಸರದಿಂದಲ್ಲ, ಬಸ್ಸಿನ ಸಮಯ ಹೇಳುವಷ್ಟು ಸಮಾಧಾನದಿಂದ.

“ಅಲ್ಲ ಕಣಪ್ಪ,” ಎಂದರು ಕಾರ್ಯದರ್ಶಿಗಳು, “ಕಾಲೇಜಿಗೆ ಓಗಿ ಓದ್ದೋನ್ಗೂ ಮನೇಲಿ ಮಲೀಕಂಡು ಓದ್ದೋನ್ಗೂ ಯತ್ವಾಸ ಇಲ್ವಾ? ನಿಂಗೆ ಪಾಠ ಮಾಡ್ದೋರ್ಯಾರು? ಬೈದೋರ್ಯಾರು?”

ಮಿಲ್ಲಿನವರು ಅಂಕಪಟ್ಟಿ ತೆಗೆಯಲು ಫೈಲಿಗೆ ಕೈ ಹಾಕಿದರು. ಅಂಕಪಟ್ಟಿಗಳ ಜೊತೆಗೆ ಉದ್ದನೆಯ ರಟ್ಟಿನ ಪುಸ್ತಕವೊಂದು ಮೇಜಿನ ಮೇಲೆ ಜಾರಿ ಬಿತ್ತು. ಗಾಬರಿಯಿಂದ ಒಳಗೆ ಹಾಕಿಕೊಳ್ಳಲು ಹೋದರು. ಅಷ್ಟರಲ್ಲಿ ನಾನು ತೆರೆದಿದ್ದೆ.

ಅದು ಹಾಜರಿ ಪುಸ್ತಕ. ಇಡೀ ಪುಸ್ತಕಕ್ಕೆ ವಿದ್ಯಾರ್ಥಿ ಒಬ್ಬನೇ. ತಿಂಗಳು, ತಾರೀಕು, ದಿನಕ್ಕೆ ನಾಲ್ಕು ಪೀರಿಯಡ್ಡು, ಪ್ರತಿಯೊಂದರ ಮುಂದೆ ದುಂಡಗಿನ ಅಕ್ಷರದಲ್ಲಿ ‘ಹಾಜರ್’ ಅಥವಾ ‘ಗೈರು’. ಒಂದು ಕಡೆ ‘ಗೈರು, ತೂಕಡಿಕೆ’ ಎಂದಿತ್ತು. ಹಾಳೆಗಳ ಅಂಚಿನಲ್ಲೆಲ್ಲ ಹಿಟ್ಟಿನ ಬೆರಳಚ್ಚು.

“ಇದನ್ನ ಬರೆದವರು ಯಾರು?” ಎಂದೆ.

“ನನ್ನ ಹೆಂಡತಿ ಮೇಡಂ. ಏಳನೇ ಕ್ಲಾಸು ಓದಿದಾಳೆ. ಹೇಳೋರು ಕೇಳೋರು ಇಲ್ದಿದ್ರೆ ಓದು ಸಾಗಲ್ಲ ಅಂತ ನಾನೇ ಒಪ್ಪಿಸಿದ್ದೆ. ಈಗ ಎಂ.ಎ. ಮುಗಿದು, ಬೇಡ ಅಂದ್ರೂ ಬಿಡ್ತಿಲ್ಲ.”

ಕಾರ್ಯದರ್ಶಿಗಳು ಮೇಜು ಕುಟ್ಟಿ ನಕ್ಕರು. ಮಿಲ್ಲಿನವರು ಹೋದ ಮೇಲೆ ನನಗೆ ಹೇಳಿದರು: “ಯೆಂಡ್ರು ಗಂಡಂಗೆ ಆಜರಿ ಹಾಕದ್ನ ಯಾರ್ ನಂಬ್ತಾರೆ ಮೇಡಮ್ಮೋರೆ? ಒಂದೇ ರಾತ್ರೀಲಿ ಕುಂತು ಗೀಚಿರ್ಬೈದು. ಆ ಪಟ್ಣದ ಹುಡುಗನ್ನೇ ತಕಳಿ.”

ಮೂರು ದಿನ ಸಮಯ ಕೇಳಿದೆ. ಪರಿಶೀಲಿಸದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ.

ಭಾನುವಾರ ಹೇಳದೆ ಕೇಳದೆ ಹೊರಟೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಮಲ್ಲಿಪಟ್ಟಣ ದಾಟಿ ಇಳಿದಾಗ ಹತ್ತು ಗಂಟೆ. ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಆ ವಾರ ತ್ರೀಫೇಸ್ ಕರೆಂಟು ಬರುವುದೇ ಹನ್ನೊಂದಕ್ಕೆ ಎಂದು ಆಮೇಲೆ ತಿಳಿಯಿತು. ಅವರ ಟೈಂಟೇಬಲ್ ವಾರವಾರವೂ ಕರೆಂಟಿನ ಪಾಳಿ ನೋಡಿ ಬದಲಾಗುತ್ತಿತ್ತು. ಕರೆಂಟಿದ್ದಾಗ ಹಿಟ್ಟು, ಇಲ್ಲದಾಗ ಇತಿಹಾಸ.

ಬಾಗಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದ ಪಕ್ಕದಲ್ಲಿ ಅಲಾರಾಂ ಗಡಿಯಾರ. ತಲೆಯ ಮೇಲೆ ನೇಗಿಲಿನ ಹಳೆಯ ಕಬ್ಬಿಣದ ಗುಳವೊಂದನ್ನು ತಂತಿಯಿಂದ ನೇತುಹಾಕಿದ್ದರು. ನನ್ನ ಪರಿಚಯ ಹೇಳಿ, ಮಿಲ್ಲಿನವರನ್ನು ನೋಡಬೇಕು ಎಂದೆ.

ಅವಳು ಗಡಬಡಿಸಿ ಎದ್ದು, ಸೆರಗಿನಿಂದ ಸ್ಟೂಲು ಒರೆಸಿದಳು. “ಕುಂತ್ಕಳಿ ಅಮ್ಮಾ. ಪೀರಿಯಡ್ಡು ನಡೀತಾ ಐತೆ. ಇನ್ನ ಹನ್ನೆರಡು ನಿಮಿಷ.”

“ನಾನು ಕಾಲೇಜಿನ ಪ್ರಿನ್ಸಿಪಾಲ್ ಕಣಮ್ಮ. ಕೆಲಸದ ವಿಷಯಕ್ಕೇ ಬಂದಿರೋದು.”

“ಗೊತ್ತಾಯ್ತು ಕಣಮ್ಮಾ. ಆದ್ರೂ ಬೆಲ್ ಆಗೋ ಗಂಟ ಯಾರ್ನೂ ಒಳಗೆ ಬುಡಕ್ಕಿಲ್ಲ. ಇವತ್ತು ಬುಟ್ರೆ ನಾಳೀಕೂ ಬುಡ್ಬೇಕಾಯ್ತದೆ.” ಒಂದು ಲೋಟ ಮಜ್ಜಿಗೆ ತಂದುಕೊಟ್ಟು ಮತ್ತೆ ಅಕ್ಕಿಗೆ ಕೂತಳು. ಗಂಡನ ಕೆಲಸ ನನ್ನ ಕೈಯಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕದಲಲಿಲ್ಲ.

ನಾನು ಕಿಟಕಿಯಿಂದ ಇಣುಕಿದೆ. ಹಿಟ್ಟು ಮಾಡಿಸಲು ಬಂದವರು ತಮ್ಮ ಸರದಿ ಹಿಡಿಯಲು ಡಬ್ಬ, ಚೀಲ, ಬುಟ್ಟಿಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗಿದ್ದರು. ಅದು ಎಲ್ಲ ಮಿಲ್ಲುಗಳ ಪದ್ಧತಿ. ಇವರು ಆ ಡಬ್ಬಗಳನ್ನು ನಾಲ್ಕು ಸಾಲು ಮಾಡಿ, ಎದುರಿಗೆ ನಿಂತು, ಪಿ.ಯು.ಸಿ. ಪಾಠ ಮಾಡುತ್ತಿದ್ದರು.

“ನುಗ್ಗೇಹಳ್ಳಿ ದೇವಸ್ಥಾನಕ್ಕೆ ಹೋದ್ರೆ ದೇವರಿಗೆ ಕೈ ಮುಗಿದು ಬಂದುಬಿಡಬೇಡಿ. ಹೊರಗಿನ ಗೋಡೇಲಿ ವಿಗ್ರಹಗಳ ಕೆಳಗೆ ನೋಡಿ. ಕೆತ್ತಿದವನು ತನ್ನ ಹೆಸರು ಬರೆದಿದ್ದಾನೆ. ರಾಜ ಅಲ್ಲ, ಮಂತ್ರಿ ಅಲ್ಲ, ಉಳಿ ಹಿಡಿದವನು. ಬರೆಯೋ ಧೈರ್ಯ ಅವನಿಗೆ ಎಲ್ಲಿಂದ ಬಂತು? ಹೇಳಿ ನೋಡೋಣ. ಏಯ್, ಹಿಂದಿನ ಬೆಂಚು! ಗಮನ ಇಲ್ಲಿ!” ಎಂದು ಮೂಲೆಯ ರಾಗಿಚೀಲದ ಕಡೆ ಬೆರಳು ತೋರಿಸಿದರು.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ನಗುವಿಗಷ್ಟೇ ಅಲ್ಲ, ಮೂವತ್ತು ವರ್ಷ ಪಾಠ ಮಾಡಿದ ನನಗೂ ಆ ಪ್ರಶ್ನೆಯನ್ನು ಮಕ್ಕಳಿಗೆ ಕೇಳಬೇಕೆಂದು ಹೊಳೆದಿರಲಿಲ್ಲ. ಹೆಂಡತಿ ಎದ್ದು ಗುಳಕ್ಕೆ ಬೋಲ್ಟಿನಿಂದ ಮೂರೇಟು ಹಾಕಿದಳು. ಅವರು ಹೊರಗೆ ಬಂದು ನನ್ನನ್ನು ಕಂಡು ಬಿಳುಚಿಕೊಂಡರು. “ಎಷ್ಟೊತ್ತಾಯ್ತು ಮೇಡಂ? ಲೇ, ಮೇಡಂನ ಕಾಯಿಸೋದಾ?”

“ನೀವೇ ಮಾಡಿದ್ ರೂಲ್ಸು” ಎಂದಳು ಅವಳು.

ಮಂಗಳವಾರ ಕಾರ್ಯದರ್ಶಿಗಳ ಮುಂದೆ ನಡೆದದ್ದನ್ನು ನಡೆದ ಹಾಗೇ ವರದಿ ಮಾಡಿದೆ. ಬೇರೆಯವರ ಡಿಗ್ರಿಯ ಹಾಜರಿಯನ್ನು ನಾನು ಕಾಗದ ನೋಡಿ ಮಾತ್ರ ನಂಬಿದ್ದೆ, ಇದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ. ಪಾಠದ ಮಾತನ್ನು ಅವರು ಗಂಭೀರವಾಗಿ ಕೇಳಿದರು. ಸ್ಟೂಲಿನ ಮಾತು ಬಂದಾಗ ಕುರ್ಚಿಯಿಂದ ಅರ್ಧ ಎದ್ದರು.

“ನಿಮ್ಮನ್ನೇ ಕುಂಡ್ರಿಸ್ಬುಟ್ಲಾ? ಹನ್ನೆರಡು ನಿಮಿಷ? ಆಮೇಕೆ?”

“ಕೂತೆ.”

“ಅಯ್ ಶಿವನೆ! ನಿಮ್ಮುನ್ನ ಒಂದ್ ನಿಮಿಷ ಕಾಯ್ಸಕ್ಕೆ ನಂಗೇ ಇನ್ನೂ ದಮ್ಮು ಬಂದಿಲ್ಲ.” ಕಣ್ಣು ಒರೆಸಿಕೊಳ್ಳುವಷ್ಟು ನಕ್ಕು, ಪೆನ್ನಿಗೆ ಕೈ ಚಾಚಿದರು. “ಕೊಡಿ ಇಲ್ಲಿ ಆರ್ಡರ್ರು. ಆ ಹುಡುಗಂಗೆ ವಯಸ್ಸೈತೆ, ಇನ್ನೊಂದ್ ಕಡೆ ಸಿಕ್ತದೆ. ಇವನ್ನ ಬುಟ್ರೆ ನಮಗೆ ಸಿಕ್ಕಾಕಿಲ್ಲ.”

ಮಿಲ್ಲಿನ ಎದುರಿನ ಅಂಗಡಿಯ ನಂಬರು ಅರ್ಜಿಯಲ್ಲಿತ್ತು. ಆಗಲೇ ಫೋನು ಮಾಡಿದೆ. ಯಾರೋ ಕೂಗಿ ಕರೆದರು. ಮಿಲ್ಲಿನ ಸದ್ದು ನಿಂತಿತು, ಅವರು ಫೋನಿಗೆ ಬಂದರು. “ಸೋಮವಾರದಿಂದ ಬನ್ನಿ, ನಿಮ್ಮನ್ನ ತಗೊಂಡಿದ್ದೇವೆ” ಎಂದೆ. ಆ ಕಡೆ ಅಂಗಡಿಯವರು ಏನೋ ಕೇಳಿದ್ದು, ಯಾರೋ ಅತ್ತದ್ದೋ ನಕ್ಕದ್ದೋ, ಫೋನು ಕೈ ಬದಲಾದದ್ದು ಕೇಳಿಸಿತು.

“ಅಮ್ಮಾ, ಇವರ್ ಕೈಲಿ ಮಾತಾಡಕಾಯ್ತಿಲ್ಲ” ಎಂದಳು ಅವಳು. “ಸ್ವಾಮಾರ ಎಷ್ಟೊತ್ಗೆ ಕಳಿಸ್ಲಿ?”

“ಒಂಬತ್ತೂವರೆಗೆ.”

“ಒಂಬತ್ಗೇ ಕಳಿಸ್ತೀನಿ” ಎಂದು ಫೋನಿಟ್ಟಳು.