ಕಲ್ಲೊಳಗಿನ ಎಣ್ಣೆ ಮತ್ತು ಪುಟ್ಟಸ್ವಾಮಿ ಮಾವ

ಬಿಳಿಕೆರೆ ಬಸ್‌ಸ್ಟಾಂಡಿನಲ್ಲಿ ಎಲ್ಲರೂ ಸೋಡಾ ಕುಡಿಯುತ್ತಿದ್ದರು. ನಮ್ಮ ಪಕ್ಕದ ಮನೆಯ ಪುಟ್ಟಸ್ವಾಮಿ ಮಾವ ಮಾತ್ರ ಸೋಡಾ ನೋಡುತ್ತಿದ್ದರು. ಗೋಲಿ ಒತ್ತಿಸಿಕೊಂಡು, ಬಾಟಲಿಯನ್ನು ಬಿಸಿಲಿಗೆ ಹಿಡಿದು, ಗುಳ್ಳೆ ಏಳುವುದು ನಿಲ್ಲುವ ತನಕ ಬಾಯಿಗಿಡುತ್ತಿರಲಿಲ್ಲ. "ಬೇಗ ಕುಡೀರಿ, ಬಾಟ್ಲಿ ಬೇಕು" ಎಂದು ಅಂಗಡಿಯವನು ರೇಗುತ್ತಿದ್ದ.

ಮಾವ ಗುಜರಾತಿನ ಎಣ್ಣೆ ಬಾವಿಗಳಲ್ಲಿ ದುಡಿದು, ತೊಂಬತ್ತರ ದಶಕದ ಕೊನೆಗೆ ನಿವೃತ್ತರಾಗಿ ಊರಿಗೆ ಬಂದಿದ್ದರು. ಭೂಮಿಯೊಳಗೆ ಎಣ್ಣೆ ಕೆರೆಯಂತೆ ನಿಂತಿರುತ್ತದೆ ಎಂದುಕೊಂಡಿದ್ದ ನನಗೆ, ಇಟ್ಟಿಗೆ ಚೂರಿಗೆ ಹರಳೆಣ್ಣೆ ಕುಡಿಸಿ ತೋರಿಸಿದರು. "ಈಗ ಎಣ್ಣೆ ವಾಪಸ್ ತಗಿ ನೋಡಾನ!" ಒರೆಸಿದೆ, ತೊಳೆದೆ, ಬರಲಿಲ್ಲ.

"ಬಾವಿಗೆ ನೀರು ಬುಟ್ರೆ ಎಣ್ಣೆ ಪಕ್ಕದಾಗೇ ಜಾರ್ಕೊಂಡು ಓಯ್ತದೆ. ಸೋಡಾಕ್ಕೆ ತುಂಬ್ತಾರಲ್ಲ, ಆ ಗ್ಯಾಸ್ನ ಜೋರಾಗಿ ಒತ್ತಿದ್ರೆ ಎಣ್ಣೆ ಒಳಕ್ಕೇ ಸೇರ್ಕತದೆ. ಎಣ್ಣೆ ಉಬ್ಬಿ, ತೆಳ್ಳಗಾಗಿ, ತಾನೇ ಜಾಗ ಬುಡ್ತದೆ ಕಣವ್ವ."

ಅವರು ನೋಡಿಕೊಳ್ಳುತ್ತಿದ್ದ ಒಂದು ಬಾವಿ ಬತ್ತಿತೆಂದು ಕೆಲಸ ನಿಲ್ಲಿಸಿದ್ದರಂತೆ. ಅದಕ್ಕೆ ಒಮ್ಮೆ ಆ ಗ್ಯಾಸ್ ಬಿಟ್ಟು ನೋಡಬೇಕೆಂಬುದೊಂದೇ ಮಾವನ ಆಸೆ. ಪ್ರಯೋಗದ ಮಾತು ಅಲ್ಲಿ ನಡೆದಿತ್ತು. ತೀರ್ಮಾನವಾದ ಕೂಡಲೇ ಫೋನ್ ಮಾಡುತ್ತೇನೆಂದು ಹಳೆಯ ಜೊತೆಗಾರರೊಬ್ಬರು ಹೇಳಿದ್ದರು. ಬೀದಿಗೆಲ್ಲ ಫೋನಿದ್ದದ್ದು ನಮ್ಮ ಮನೆಯಲ್ಲಿ. ಸಂಜೆಯಾದರೆ ಮಾವ ನಮ್ಮ ಜಗಲಿಯಲ್ಲಿ ಹಾಜರು.

ಆ ಬಾವಿ ಕೊರೆದಾಗ ಸಿಕ್ಕ ಕಲ್ಲಿನ ತುಂಡೊಂದನ್ನು ಜೋಪಾನವಾಗಿ ತಂದಿಟ್ಟುಕೊಂಡಿದ್ದರು. ಅವರ ಹೆಂಡತಿ ಸಾಕಮ್ಮತ್ತೆ ಅದನ್ನು ಬಚ್ಚಲಿಗೊಯ್ದು ಹಿಮ್ಮಡಿ ಉಜ್ಜತೊಡಗಿದರು. ವಿಷಯ ಗೊತ್ತಾದ ದಿನ ಗಲಾಟೆ ಗ್ಯಾರಂಟಿ ಎಂದುಕೊಂಡೆ. ಮಾವ ಕಲ್ಲನ್ನು ಮೂಸಿ ಮೂಸಿ ನೋಡಿ, "ಬಿಸ್ನೀರಾ, ತಣ್ಣೀರಾ? ಸೋಪು ಆಕಿದ್ಯಾ?" ಎಂದರು.

"ಎಲ್ಲಾ ಆಕಿವ್ನಿ, ನಾತ ಓಗ್ನಿಲ್ಲ. ನನ್ ಕಾಲೆಲ್ಲಾ ಸೀಮೆಣ್ಣೆ ನಾತ!"

"ನೋಡ್ದಾ? ಎಷ್ಟು ತಿಕ್ಕಿದ್ರೂ ಎಣ್ಣೆ ಒಳಗೇ ಅದೆ!" ಮಾವ ಕುಣಿಯುವುದೊಂದು ಬಾಕಿ.

ಕೊನೆಗೆ ಫೋನ್ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಅಷ್ಟೊಂದು ಗ್ಯಾಸು ಅಲ್ಲಿಗೆ ತರುವುದು ಕಷ್ಟವೆಂದು ಪ್ರಯೋಗ ಕೈಬಿಟ್ಟು, ಬಾವಿಗೆ ಸಿಮೆಂಟು ತುಂಬಿಬಿಟ್ಟರಂತೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ. ನನಗೇ ಅಳು ಬಂತು. ಮಾವ ಸೂರು ನೋಡುತ್ತ ಕೇಳಿದರು.

"ಸಿಮೆಂಟು ಎಷ್ಟು ಆಳಕ್ಕೆ ಉಯ್ದ್ರಂತೆ?"

ನಾನು ವಿಚಾರಿಸಿರಲಿಲ್ಲ.

"ಕೇಳ್ಬೇಕಿತ್ತು ಕಣವ್ವ" ಎಂದರು. ನನ್ನೊಂದಿಗೆ ಅವರಾಡಿದ ಕೊನೆಯ ಮಾತು ಅದೇ.

ತಿಥಿ ಮುಗಿದ ಮೇಲೆ ಹೋದಾಗ ಕಲ್ಲು ದೇವರ ಗೂಡಿನ ಪಕ್ಕದಲ್ಲಿತ್ತು. "ಈಗ ಉಜ್ಜಾಕಿಲ್ಲ, ಎಲ್ಲಿ ಸವದೋಯ್ತದೋ ಅಂತ" ಎನ್ನುತ್ತ ಅತ್ತೆ ಅದನ್ನು ನನ್ನ ಕೈಗಿಟ್ಟರು. ಮೂಸಿದೆ.

"ಅದೆಯಾ?" ಎಂದರು.

"ಅದೆ ಅತ್ತೆ. ಒಳಗೇ ಅದೆ."