ನಡುವೆ ಬಂದು ಸೇರಿದವರು

ನಾನು ಡಿಗ್ರಿಯ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಕುಣಿಗಲ್ಲಿನ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ನಿಂತುಹೋಯಿತು. ಅದೊಂದು ಸಣ್ಣ ಖಾಸಗಿ ಕಾಲೇಜು. ವಿಜ್ಞಾನಕ್ಕೆ ಸೇರಿದ್ದವರೇ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಕೆಲವರು ಬಿ.ಎ.ಗೆ ಬದಲಾಯಿಸಿಕೊಂಡರು, ಒಬ್ಬಳಿಗೆ ಮದುವೆಯಾಯಿತು. ನನಗೆ ಮಾತ್ರ ಕೆಮಿಸ್ಟ್ರಿ ಬಿಡಲು ಮನಸ್ಸು ಬರಲಿಲ್ಲ. ಪ್ರಿನ್ಸಿಪಾಲರು ಅಪ್ಪನನ್ನು ಕರೆಸಿ, ಹುಡುಗಿ ಓದುತ್ತಾಳೆ, ಟ್ರಾನ್ಸ್‌ಫರ್ ತೆಗೆದುಕೊಂಡು ತುಮಕೂರಿನ ವಿಶ್ವವಿದ್ಯಾಲಯಕ್ಕೆ ಸೇರಿಸಿ ಎಂದರು. ಅಪ್ಪನಿಗೆ ಹುಲಿಯೂರುದುರ್ಗದಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಅವರು ಅರ್ಧ ದಿನ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ತುಮಕೂರಿಗೆ ಬಂದರು. ಸೇರಿಸುವ ಕೆಲಸವೆಲ್ಲ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ತಿನ್ನಿಸಿ, ಇನ್ನು ನೀನುಂಟು ನಿನ್ನ ಓದುಂಟು ಎಂದರು. ಮುಂದೇನು ಎನ್ನುವುದು ಅವರಿಗೂ ಗೊತ್ತಿರಲಿಲ್ಲ.

ಬೆಳಕು ಹರಿಯುವ ಮುಂಚೆ ಹುಲಿಯೂರುದುರ್ಗದಲ್ಲಿ ಬಸ್ಸು ಹತ್ತಿ, ಕುಣಿಗಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರು ಸೇರುತ್ತಿದ್ದೆ. ಅಷ್ಟು ಕಷ್ಟಪಟ್ಟು ಹೋಗಿ ತಲುಪುತ್ತಿದ್ದುದು ಆಗಲೇ ತುಂಬಿಹೋಗಿದ್ದ ಒಂದು ತರಗತಿಗೆ. ಯಾರ ಬೆಂಚು ಯಾವುದು ಎನ್ನುವುದು ಹಿಂದಿನ ವರ್ಷವೇ ಇತ್ಯರ್ಥವಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ ಜೋಡಿಜೋಡಿ. ನನಗೆ ಜೋಡಿಯಿಲ್ಲದೆ ಕೊನೆಯ ಮೇಜಿನಲ್ಲಿ, ಗಾಜಿನ ಸಾಮಾನು ತೊಳೆಯುವ ಸಿಂಕಿನ ಪಕ್ಕ ಜಾಗ ಸಿಕ್ಕಿತು. ಪಾಠ ಮಾಡುವವರು ನಡುನಡುವೆ, ಇದನ್ನು ಹೋದ ಸೆಮಿಸ್ಟರಿನಲ್ಲಿ ನೋಡಿದೆವಲ್ಲ, ಎನ್ನುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ನಾನೂ ಆಡಿಸುತ್ತಿದ್ದೆ. ಕುಣಿಗಲ್ಲಿನಲ್ಲಿ ನಮಗೆ ಆ ಪಾಠವೇ ಆಗಿರಲಿಲ್ಲ.

ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ. ಅದನ್ನು ಹೇಳಲೇಬೇಕು. ಅವರಿಗೆ ಹೊಸ ಗೆಳತಿಯೊಬ್ಬಳು ಬೇಕಾಗಿರಲಿಲ್ಲ, ಅಷ್ಟೆ. ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿಗೆ ನನ್ನನ್ನು ಸೇರಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅಂಥದ್ದೊಂದು ಗ್ರೂಪ್ ಇದೆ ಎನ್ನುವುದು ನನಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಎಂದಿನಂತೆ ಬಸ್ಸಿಳಿದು ಓಡುತ್ತಾ ಹೋದರೆ ತರಗತಿಯಲ್ಲಿ ಪಿನ್‌ಡ್ರಾಪ್ ಮೌನ. ಎಲ್ಲರೂ ಬಗ್ಗಿ ಬರೆಯುತ್ತಿದ್ದಾರೆ. ಇಂಟರ್ನಲ್ ಟೆಸ್ಟು. ಎಂದಿನ ಹೊತ್ತಿಗಿಂತ ಮೊದಲೇ ಶುರುವಾಗಿ ಮುಗಿಯುತ್ತಾ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಲ್ವಿಚಾರಣೆಗೆ ಇದ್ದವರು ನೋಡಿ, ಈಗ ಬಂದರೆ ಹೇಗಮ್ಮ, ಹೊರಗೆ ಇರು, ಎಂದರು. ಮೆತ್ತಗೇ ಹೇಳಿದರು. ನಾನು ಲೈಬ್ರರಿಯ ಮೆಟ್ಟಿಲಿನ ಮೇಲೆ ಹೋಗಿ ಕೂತೆ. ಅಳು ಬರಲಿಲ್ಲ. ಅಪ್ಪನಿಗೆ ಫೋನು ಮಾಡಿ, ನನಗೆ ಇಲ್ಲಿ ಆಗುವುದಿಲ್ಲ, ಬಿ.ಎ. ಮಾಡುತ್ತೇನೆ ಎಂದು ಹೇಳುವುದು ಹೇಗೆ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ.

ಆಗ ಫೈನಲ್ ಇಯರಿನ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಹೋದವಳು ಮತ್ತೆ ಇಳಿದು ಬಂದಳು. ಲ್ಯಾಬಿನಲ್ಲಿ ಒಂದೆರಡು ಸಲ ನೋಡಿದ್ದ ಮುಖ. ಹಣೆಯಲ್ಲಿ ತೆಳ್ಳನೆಯ ವಿಭೂತಿ, ಹೆಗಲಿಗೆ ದೊಡ್ಡ ಬ್ಯಾಗು.

“ತಿಂಡಿ ತಿಂದಿದ್ಯೇನೇ?” ಎಂದು ಕೇಳಿದಳು.

ಇಲ್ಲ ಎಂದೆ. ಯಾವ ಊರು, ಏನು ಎತ್ತ ಎಂದು ಕೇಳದೆ ಪಕ್ಕದಲ್ಲಿ ಕೂತು ಡಬ್ಬಿ ತೆಗೆದಳು. ರಾಗಿ ರೊಟ್ಟಿ, ಕಾಯಿ ಚಟ್ನಿ. ಎರಡು ತುತ್ತು ತಿನ್ನುವಷ್ಟರಲ್ಲಿ ನಾನೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಗುಬ್ಬಿಯವಳು. ಹಾಸನದಲ್ಲಿ ಓದುತ್ತಿದ್ದವಳು ತಾಯಿಗೆ ಹುಷಾರಿಲ್ಲದ ಕಾರಣ ಊರಿಗೆ ಮರಳಿ, ಹಿಂದಿನ ವರ್ಷವಷ್ಟೇ ಇಲ್ಲಿಗೆ ಟ್ರಾನ್ಸ್‌ಫರ್ ಆಗಿದ್ದಳು. ದಿನವೂ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿ, ನಡಿ, ಎಚ್‌ಒಡಿ ಮೇಡಂ ಹತ್ತಿರ ಹೋಗೋಣ ಎಂದು ಎದ್ದಳು. ಆ ಮೇಡಂ ಎಂದರೆ ಇಡೀ ವಿಭಾಗವೇ ಹೆದರುತ್ತಿತ್ತು.

ಮೇಡಂ ತಲೆಯೆತ್ತದೆ ಏನು ಎಂದು ಕೇಳಿದರು. ಗುಬ್ಬಿಯ ಅಕ್ಕನೇ ಮಾತಾಡಿದಳು.

“ಮೇಡಂ, ಇವ್ಳು ಟೆಸ್ಟಿಗೆ ತಪ್ಪಿಸ್ಕೊಂಡಿಲ್ಲ. ಟೆಸ್ಟು ಇದೆ ಅಂತ ಗ್ರೂಪಲ್ಲಿ ಹಾಕಿದ್ರು. ಇವ್ಳು ಗ್ರೂಪಲ್ಲೇ ಇಲ್ಲ. ಹೋದ್ವರ್ಷ ನಾನೂ ಇರ್ಲಿಲ್ಲ.”

“ಹೋದ ವರ್ಷ ನೀನು ಯಾಕೆ ಬಂದು ಹೇಳಲಿಲ್ಲ?”

“ಕರ್ಕೊಂಡ್ ಬರೋರು ಯಾರೂ ಇರ್ಲಿಲ್ಲ ಮೇಡಂ.”

ಮೇಡಂ ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ, ಎಲ್ಲಿಂದ ಬರುತ್ತೀಯ ಎಂದು ಕೇಳಿದರು. ಹುಲಿಯೂರುದುರ್ಗ ಎಂದೆ. ದಿನಾ ಅಲ್ಲಿಂದ ಬರುತ್ತೀಯಾ ಎಂದು ಮತ್ತೆ ಕೇಳಿದರು. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಟೆಸ್ಟನ್ನು ಆ ವಾರವೇ ತಮ್ಮ ಕೋಣೆಯಲ್ಲಿ ಕೂರಿಸಿ ಬರೆಸಿದರು. ಗುಬ್ಬಿಯ ಅಕ್ಕನಿಗೆ, ಇನ್ನು ಮೇಲೆ ನಡುವೆ ಬಂದು ಸೇರಿದವರನ್ನೆಲ್ಲ ನೀನೇ ನೋಡಿಕೊಳ್ಳಬೇಕು, ಏನಾದರೂ ಇದ್ದರೆ ನೇರವಾಗಿ ನನಗೆ ಬಂದು ಹೇಳಬೇಕು ಎಂದರು. ಎಲ್ಲರೂ ಹೆದರುತ್ತಿದ್ದ ಆ ಮೇಡಮ್ಮಿಗೂ ನಾನು ಋಣಿ.

ಅಕ್ಕ ಆ ಮಾತನ್ನು ಹುದ್ದೆ ಎನ್ನುವಷ್ಟು ಗಂಭೀರವಾಗಿ ತೆಗೆದುಕೊಂಡಳು. ಅವಳ ದೊಡ್ಡಮ್ಮನ ಮನೆ ಸದಾಶಿವನಗರದಲ್ಲಿತ್ತು. ಮಹಡಿಯ ಮೇಲೊಂದು ಕೋಣೆ ಖಾಲಿ. ಒಂದು ಸಂಜೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಆ ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟು ದೂರದಿಂದ ಓಡಾಡಿದ್ರೆ ಓದೋದು ಯಾವಾಗ? ಇಲ್ಲೇ ಇರು ಬುಡು” ಎಂದು ಕೋಣೆಯ ಬೀಗದಕೈ ಕೊಟ್ಟೇಬಿಟ್ಟರು. ಸೋಮವಾರ ಮಠಕ್ಕೆ ಹೋಗುವಾಗ ಜೊತೆಗೆ ಬರಬೇಕು ಎನ್ನುವುದೊಂದೇ ಅವರ ಷರತ್ತು. ಅದನ್ನು ನಾನು ಸಂತೋಷದಿಂದಲೇ ಪಾಲಿಸಿದೆ. ಅಲ್ಲಿಯ ದಾಸೋಹದ ಸಾರನ್ನು ನೆನೆದರೆ ಈಗಲೂ ಹಸಿವಾಗುತ್ತದೆ.

ನನಗೆ ಆಗದೆ ಉಳಿದಿದ್ದ ಪಾಠಗಳನ್ನು ಅಕ್ಕ ಆ ಕೋಣೆಯಲ್ಲೇ ಹೇಳಿಕೊಟ್ಟಳು. ಸಂಜೆಯ ರೈಲು ಬಿಟ್ಟು ಅದರ ಮುಂದಿನದಕ್ಕೆ ಹೋಗುತ್ತಿದ್ದಳು. ಲ್ಯಾಬಿನಲ್ಲಿ ನನ್ನನ್ನು ಸಿಂಕಿನ ಪಕ್ಕದಿಂದ ಎಬ್ಬಿಸಿ ಇಬ್ಬರು ಹುಡುಗಿಯರ ಮೇಜಿಗೆ ಸೇರಿಸಿದವಳೂ ಅವಳೇ. ಆ ಇಬ್ಬರಿಗೂ ಅವಳು ಉಪದೇಶವೇನೂ ಮಾಡಲಿಲ್ಲ. ಇವಳ ಕೈ ಸ್ಥಿರವಾಗಿದೆ, ಬ್ಯುರೆಟ್ಟು ಹಿಡಿಯೋಕೆ ಕೊಡ್ರೇ, ನಿಮಗೇ ಒಳ್ಳೇದು, ಎಂದಳು. ಅದು ನಿಜವೇ ಆಗಿತ್ತು. ಚಿಕ್ಕಂದಿನಿಂದ ಅಪ್ಪನ ಜೊತೆ ಕೂತು ಕೂದಲೆಳೆಯಂಥ ತಂತಿ ಸುತ್ತಿದ ಕೈ ನನ್ನದು. ಬ್ಯುರೆಟ್ಟಿನ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು ದ್ರಾವಣದ ಬಣ್ಣ ತಿರುಗುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸುವುದು ನನಗೆ ಕಷ್ಟವಾಗಲಿಲ್ಲ. ಅದನ್ನು ಅವಳು ಯಾವಾಗ ಗಮನಿಸಿದ್ದಳೋ. ಆ ಇಬ್ಬರು ಹುಡುಗಿಯರು ಇವತ್ತಿಗೂ ನನ್ನ ಗೆಳತಿಯರು.

ಅಕ್ಕ ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಅವಳು ಹೋದ ಮೇಲೆ ಆ ಕೆಲಸ ತಾನಾಗಿಯೇ ನನಗೆ ಬಂತು. ನಾನು ಎಂ.ಎಸ್ಸಿ. ಮುಗಿಸಿ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೂ ಬಿಡಲಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ನಡುವೆ ಬಂದು ಸೇರುತ್ತಾರೆ. ಹಾಸ್ಟೆಲ್ಲು, ಬಸ್‌ಪಾಸು, ಬಿಟ್ಟುಹೋದ ಪಾಠ, ಇಷ್ಟನ್ನು ಸರಿಮಾಡಿದರೆ ಹೆಚ್ಚಿನವರು ಹೊಂದಿಕೊಂಡುಬಿಡುತ್ತಾರೆ.

ಹಾಗೆ ಸುಲಭವಾಗಿ ಹೊಂದಿಕೊಳ್ಳದವಳೊಬ್ಬಳು ಎರಡು-ಮೂರು ವರ್ಷದ ಹಿಂದೆ ಬಂದಳು. ಬಾಗಲಕೋಟೆ ಕಡೆಯ ಹುಡುಗಿ. ಮದುವೆಯಾಗಿತ್ತು. ಗಂಡನಿಗೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಕೆಲಸ ಸಿಕ್ಕಿದ್ದರಿಂದ ಇಬ್ಬರೂ ಇಲ್ಲಿಗೆ ಬಂದಿದ್ದರು. ಹೆಂಡತಿಯ ಓದು ನಿಲ್ಲಬಾರದು ಎಂದು ಆತನೇ ಓಡಾಡಿ ಟ್ರಾನ್ಸ್‌ಫರ್ ಮಾಡಿಸಿದ್ದ. ಮೊದಲ ವಾರವೇ ಅವಳು ನನ್ನ ಕ್ಲಾಸಿನಲ್ಲಿ ಎದ್ದು ನಿಂತು, “ಮೇಡಂ, ಇದು ನನಗ ತಿಳಿವಲ್ದ್ರೀ, ಇನ್ನೊಮ್ಮೆ ಹೇಳ್ರೀ” ಎಂದಳು. ಹಿಂದಿನ ಬೆಂಚುಗಳಲ್ಲಿ ನಗು ಹುಟ್ಟಿ ಇಡೀ ಕ್ಲಾಸಿಗೆ ಹರಡಿತು. ನಾನು ಸುಮ್ಮನಿರಿಸಿ ಪಾಠವನ್ನು ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡು ಕೂತಳು. ಆಮೇಲೆ ಎದ್ದು ನಿಲ್ಲಲೇ ಇಲ್ಲ. ಕೆಲವು ದಿನ ಕಳೆದ ಮೇಲೆ ಕ್ಲಾಸಿಗೆ ಬರುವುದನ್ನೂ ಬಿಟ್ಟಳು.

ದಾಖಲೆಯಲ್ಲಿದ್ದ ಮನೆಯವರ ನಂಬರಿಗೆ ಫೋನು ಮಾಡಿದೆ. ಗಂಡ ಎತ್ತಿದ. ಹಿಂದೆ ಮೆಷಿನ್ನಿನ ಸದ್ದು. ಅವಳು ಕಾಲೇಜಿಗೆ ಬಂದಿದ್ದಾಳಲ್ಲ, ದಿನವೂ ತಾನೇ ಬೈಕಿನಲ್ಲಿ ಗೇಟಿನ ತನಕ ಬಿಟ್ಟು ಶಿಫ್ಟಿಗೆ ಹೋಗುತ್ತೇನೆ ಎಂದ. ಸರಿ, ನೋಡುತ್ತೇನೆ ಎಂದು ಹೇಳಿ ಫೋನಿಟ್ಟೆ. ಕ್ಯಾಂಟೀನು, ಹುಡುಗಿಯರ ವಿಶ್ರಾಂತಿ ಕೋಣೆ, ಬಸ್‌ಸ್ಟಾಪು ಎಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಲೈಬ್ರರಿಯ ಓದುವ ಕೋಣೆಯಲ್ಲಿ, ದಿನಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ. ಅವಳ ಮುಂದೆ ನಮ್ಮ ಪಠ್ಯಪುಸ್ತಕವೇ ತೆರೆದಿತ್ತು. ನಾವು ಕ್ಲಾಸಿನಲ್ಲಿ ಮುಗಿಸಿದ್ದಕ್ಕಿಂತ ಎರಡು ಅಧ್ಯಾಯ ಮುಂದಿದ್ದಳು.

ಪಕ್ಕದಲ್ಲಿ ಕೂತೆ. ಅವಳು ಗಾಬರಿಯಾಗಿ ಎದ್ದು ನಿಂತಳು. ಕೂರಿಸಿದೆ.

“ಓದು ಬಿಟ್ಟಿಲ್ರೀ ಮೇಡಂ” ಎಂದಳು. “ಅಲ್ಲಿ ಬಾಯಿ ತೆಗಿಯಾಕ ಆಗವಲ್ದು, ಅದಕ್ಕ ಇಲ್ಲಿ ಕುಂತೀನ್ರೀ. ನಮ್ಮ ಮನಿಯವರಿಗೆ ಹೇಳಬ್ಯಾಡ್ರೀ, ಭಾಳ ಆಸೆ ಇಟ್ಕೊಂಡಾರ.”

ಹೇಳುವುದಿಲ್ಲ ಎಂದೆ. ಆದರೆ ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ. ಕ್ಲಾಸಿನವರನ್ನು ಗದರಿಸಬಹುದಿತ್ತು. ಗದರಿಸಿದರೆ ಇವಳನ್ನು ಇನ್ನಷ್ಟು ದೂರ ಇಡುತ್ತಾರೆ. ಅವತ್ತು ಸಂಜೆ ಗುಬ್ಬಿಯ ಅಕ್ಕನಿಗೆ ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಸಮಾಧಾನ ಹೇಳೋಕೆ ಹೋಗ್ಬೇಡ ಕಣೇ. ಏನಾದ್ರೂ ಕೆಲ್ಸ ಕೊಡು. ನಮ್ ಸ್ಕೂಲಲ್ಲಿ ಮುಂದಿನ ವಾರ ಪ್ರೈಮರಿ ಮಕ್ಕಳಿಗೆ ಪ್ರಯೋಗ ತೋರಿಸ್ಬೇಕು, ನಿನ್ ಕ್ಲಾಸನ್ನೇ ಕರ್ಕೊಂಡ್ ಬಾ. ಅವ್ಳೂ ಬರ್ಲಿ” ಎಂದಳು.

ಬರಲು ಅವಳು ಸುಲಭಕ್ಕೆ ಒಪ್ಪಲಿಲ್ಲ. ಮಕ್ಕಳ ಮುಂದೆ ಮಾತಾಡಬೇಕಾಗಿಲ್ಲ, ಸಾಮಾನು ಹೊಂದಿಸಿಕೊಟ್ಟರೆ ಸಾಕು ಎಂದ ಮೇಲೆ ಹೂಂ ಎಂದಳು.

ನಾವೆಲ್ಲ ಬೆಳಗಿನ ರೈಲಿನಲ್ಲಿ ಗುಬ್ಬಿಗೆ ಹೋದೆವು. ಶಾಲೆಯ ವರಾಂಡದಲ್ಲಿ ಮೇಜುಗಳನ್ನು ಹಾಕಿದ್ದರು. ಒಂದೊಂದು ಮೇಜಿಗೆ ಇಬ್ಬಿಬ್ಬರು. ಬಾಗಲಕೋಟೆಯವಳ ಜೊತೆ ನಿಂತಿದ್ದು ತಿಪಟೂರಿನ ಹುಡುಗಿ, ಅವತ್ತು ಮೊದಲು ನಕ್ಕವರಲ್ಲಿ ಅವಳೂ ಒಬ್ಬಳು. ಅವರ ಪ್ರಯೋಗ ಸರಳವಾದದ್ದು. ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ತಿಪಟೂರಿನವಳು ವಿವರಿಸಲು ಶುರುಮಾಡಿದಳು. ಆದರೆ ಅವಳ ಮಾತಿನ ತುಂಬ ಆಸಿಡ್ಡು, ಬೇಸು, ಇಂಡಿಕೇಟರು. ಮಕ್ಕಳು ಆಕಳಿಸಿದವು. ಅವಳು ತಡವರಿಸಿ ನಿಂತಳು.

ಬಾಗಲಕೋಟೆಯವಳು ಲೋಟ ಎತ್ತಿ ಹಿಡಿದು, “ಇಲ್ಲಿ ನೋಡ್ರೀ ಪಾ, ಈಗ ನಾ ಇದಕ್ಕ ಸುಣ್ಣದ ನೀರ ಹಾಕಾಕತ್ತೀನಿ” ಎಂದಳು.

ಮಕ್ಕಳು ಗೊಳ್ಳೆಂದು ನಕ್ಕವು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, “ಅಕ್ಕ, ಹಾಕಾಕತ್ತೀನಿ ಅಂದ್ರೇನು?” ಎಂದು ಕೇಳಿದಳು. ಅದರಲ್ಲಿ ಕುಚೋದ್ಯವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

“ನಿಮ್ಮ ಕಡೆ ಏನಂತೀರಿ ಹೇಳು.”

“ಹಾಕ್ತಾ ಇದೀನಿ ಅಂತೀವಿ.”

“ಹಂಗಾರ ನಾ ಹಾಕ್ತಾ ಇದೀನಿ” ಎಂದು ಅವಳು ಆ ಮಗುವಿನ ಧಾಟಿಯಲ್ಲೇ ಹೇಳಿದಳು. ಮಕ್ಕಳು ಮತ್ತೆ ನಕ್ಕವು. ಈ ಸಲ ಅವಳೂ ನಕ್ಕಳು. ಲೋಟದ ನೀರು ಕೆಂಪಗೆ ತಿರುಗಿದ್ದನ್ನು ಕಂಡು ಮಕ್ಕಳೆಲ್ಲ ಮೇಜಿಗೆ ಮುಗಿಬಿದ್ದವು. ಆರತಿ ನೀರು ಎಂದು ಯಾರೋ ಕೂಗಿದರು. ಹೌದು, ಆರತಿ ನೀರಿಗೆ ಮನೆಯಲ್ಲಿ ಏನೇನು ಹಾಕುತ್ತಾರೆ ನೆನಪು ಮಾಡಿಕೊಳ್ಳಿ ಎಂದು ಅವಳು ಅಲ್ಲಿಂದ ಶುರುಮಾಡಿ, ಹುಳಿ ಯಾಕೆ ಹುಳಿ, ಸುಣ್ಣ ಯಾಕೆ ಬಾಯಿ ಸುಡುತ್ತದೆ ಎನ್ನುವ ತನಕ ಹೇಳಿದಳು. ಅವಳು ಲಿಂಬಿಹಣ್ಣು ಎಂದರೆ ಮಕ್ಕಳು ನಿಂಬೆಹಣ್ಣು ಎಂದು ತಿದ್ದುತ್ತಿದ್ದವು, ಅವಳು ಅವರನ್ನು ತಿದ್ದುತ್ತಿದ್ದಳು. ಅದೇ ಒಂದು ಆಟವಾಯಿತು. ಬೇರೆ ಮೇಜುಗಳ ಮಕ್ಕಳೂ ಬಂದು ಸೇರಿದವು. ತಿಪಟೂರಿನ ಹುಡುಗಿ ನಿಂಬೆಹಣ್ಣು ಕತ್ತರಿಸಿ ಕೊಡುತ್ತಾ ನಿಂತಿದ್ದಳು.

ವಾಪಸು ಬರುವಾಗ ರೈಲಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅವತ್ತು ನಕ್ಕಿದ್ದಕ್ಕೆ ಬೇಜಾರಾಯ್ತಾ ಎಂದು ತಿಪಟೂರಿನವಳು ಕೇಳಿದ್ದು ನನ್ನ ಕಿವಿಗೆ ಬಿತ್ತು. ಬ್ಯಾಸರ ಆತಲ್ಲ ಮತ್ತ, ಎಂದಳು ಇವಳು, ಮುಚ್ಚುಮರೆಯಿಲ್ಲದೆ. ತುಮಕೂರು ಬರುವ ಹೊತ್ತಿಗೆ ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡಿದ್ದರು.

ಮರುದಿನ ಅವಳು ಕ್ಲಾಸಿಗೆ ಬಂದಳು. ಮೊದಲಿನಂತೆ ಎದ್ದು ನಿಂತು ಪ್ರಶ್ನೆ ಕೇಳಲು ಇನ್ನೂ ಕೆಲವು ವಾರ ಹಿಡಿಯಿತು. ನಗುವವರು ಆಮೇಲೂ ಒಂದಿಬ್ಬರು ಇದ್ದರು. ಅವಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಕಳೆದ ವರ್ಷ ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಫಲಿತಾಂಶ ಬಂದ ದಿನ ಅವಳ ಗಂಡ ಕೆಲಸದ ಬಟ್ಟೆಯಲ್ಲೇ ನಮ್ಮ ವಿಭಾಗಕ್ಕೆ ಬಂದು, ತಮ್ಮ ಕಡೆಯ ಸಿಹಿಯಾದ ಕರದಂಟಿನ ಪೊಟ್ಟಣ ಕೊಟ್ಟು, ಕೈಮುಗಿದು ಹೋದ.

ಆ ಕರದಂಟನ್ನು ನಾನು ಹಾಗೆಯೇ ಗುಬ್ಬಿಗೆ ಒಯ್ದೆ. ಅಕ್ಕನ ಎದುರು ಕೂತು, ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಬೇಕೆಂದು ಹೋಗಿದ್ದೆ. ನೀನು ಅವತ್ತು ಮೆಟ್ಟಿಲಿಳಿದು ಬಾರದೆ ಹೋಗಿದ್ದರೆ ನಾನು ಊರಿಗೆ ಹೋಗಿಬಿಡುತ್ತಿದ್ದೆ ಎಂದೆ. ಅವಳಿಗೆ ಮುಜುಗರವಾಯಿತು. ಹೊಗಳಿಸಿಕೊಂಡು ಅಭ್ಯಾಸವಿಲ್ಲ ಅವಳಿಗೆ.

“ನಂಗೂ ಅವತ್ತು ಒಬ್ಳೇ ತಿನ್ನೋಕೆ ಬೇಜಾರಾಗಿತ್ತು ಕಣೇ” ಎಂದಳು. ಆಮೇಲೆ ಒಳಗೆ ಮಲಗಿದ್ದ ತಾಯಿಗೆ ಕರದಂಟು ಕೊಟ್ಟು ಬಂದು, ಊಟಕ್ಕೆ ಎಲೆ ಹಾಕಿದಳು.