ಮಹಡಿ ಮನೆಯಾಕೆಯ ಸೆಂಟು

ಎಂಬತ್ತರ ದಶಕದಲ್ಲಿ ವಿಜಯನಗರದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದಾಕೆ ಹೂವನ್ನೇ ಮುಡಿಯುತ್ತಿರಲಿಲ್ಲ. ಆದರೂ ಅವಳು ಮೆಟ್ಟಿಲಿಳಿದರೆ ಮಲ್ಲಿಗೆ, ಸುಗಂಧರಾಜ ಒಟ್ಟಿಗೇ ಅರಳಿದ ಹಾಗಿರುತ್ತಿತ್ತು. ಫಾರಿನ್ ಸೆಂಟು. ಸೀಸೆಯ ಬಿರಡೆಯನ್ನು ಕಿವಿಯ ಹಿಂದೆ ಮುಟ್ಟಿಸಿಕೊಂಡು, "ಒಂದೇ ಹನಿ ಸಾಕು ಕಣ್ರೀ" ಎನ್ನುತ್ತಿದ್ದಳು. ನಾನು ಎರಡು ಮೊಳ ಮಲ್ಲಿಗೆ ಮುಡಿದರೂ ಪೇಪರಿನಿಂದ ತಲೆಯೆತ್ತದ ನಮ್ಮ ಯಜಮಾನರು ಆ ಒಂದು ಹನಿಗೆ ತಲೆ ಎತ್ತುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಅವಳು ಮನೆ ಖಾಲಿ ಮಾಡಿದ ದಿನ ಕರೆದು ಅರಿಸಿನ ಕುಂಕುಮ ಕೊಟ್ಟೆ. ಅವಳು ತಳದಲ್ಲಿ ಇಷ್ಟೇ ಇಷ್ಟು ಉಳಿದಿದ್ದ ಸೀಸೆಯನ್ನು ನನ್ನ ಕೈಗಿಟ್ಟಳು. "ನೀವು ಹಚ್ಕೊಳ್ಳಿ. ಒಂದೇ ಹನಿ ಸಾಕು ಕಣ್ರೀ."

ಮಾರನೆಯ ಸಂಜೆ ಹಚ್ಚಿಕೊಂಡು ಕಾದೆ. ಯಜಮಾನರು ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡರು. ಮುಖ ಅರಳಿತು.

"ಏನೇ, ಮೇಲಿನ ಮನೆಯವ್ರು ವಾಪಸ್ ಬಂದ್ರಾ?"